ಆರನೇ ಮುಚ್ಚಳ

ಪುಸ್ತಕ ನಮ್ಮ ಮನೆಗೂ ಬಂತು. ಮಿರಮಿರ ಮಿಂಚುವ ಕಾಗದ, ಇಪ್ಪತ್ನಾಲ್ಕು ಪುಟ. ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ವಾರ್ಡು: ನಾಲ್ಕು ವರ್ಷಗಳ ಪ್ರಗತಿ’ ಅಂತಿದೆ. ಅದರ ಕೆಳಗೆ ನನ್ನ ನಾದಿನಿಯ ಫೋಟೋ. ಕೈ ಮುಗಿದು ನಗುತ್ತಿದ್ದಾಳೆ.

ಹನ್ನೊಂದನೇ ಪುಟದಲ್ಲಿ ನಮ್ಮ ರಸ್ತೆ ಇದೆ. ಕೆಂಪು ಟೈಲ್ಸು, ಬೂದಿ ಟೈಲ್ಸು, ಪಕ್ಕದಲ್ಲಿ ಹೂಕುಂಡ. ಅವಳು ರಸ್ತೆಯ ನಡುಮಧ್ಯೆ ನಿಂತಿದ್ದಾಳೆ. ಅವಳ ಚಪ್ಪಲಿಯ ಅಡಿಯಲ್ಲೇ ಎಲ್ಲೋ, ಒಂದು ಮೊಳ ಆ ಕಡೆ ಈ ಕಡೆ, ಆರನೇ ಮುಚ್ಚಳ ಇದೆ. ಪುಸ್ತಕದಲ್ಲಿ ಅದನ್ನು ಬರೆದಿಲ್ಲ. ಅದಕ್ಕೇ ನಾನು ಹೇಳುತ್ತೇನೆ.

ನಾನು ಬೀದಿ ಗುಡಿಸುವವಳು. ನನ್ನ ಗಂಡ ಬೀದಿಯ ಅಡಿ ಗುಡಿಸುವವನು. ಹತ್ತೊಂಬತ್ತು ವರ್ಷ ಇದೇ ರಸ್ತೆಯಲ್ಲಿ ನಾನು ಮೇಲೆ, ಅವನು ಕೆಳಗೆ. ಅಡಿಯಲ್ಲಿ ಹಳೇ ಕಲ್ಲಿನ ಮೋರಿ ಇದೆ, ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ. ಅದಕ್ಕೆ ಹನ್ನೊಂದು ಕಬ್ಬಿಣದ ಮುಚ್ಚಳ. ನೀವು ಮನೆ ನಂಬರು ಹೇಳುತ್ತೀರಿ, ನಾವು ಮುಚ್ಚಳದ ನಂಬರು ಹೇಳುತ್ತಿದ್ದೆವು. ಡಾಕ್ಟರ ಮನೆ ಮೂರನೇದು. ಇಸ್ತ್ರಿ ಅಂಗಡಿ ಐದನೇದು. ಆಮೇಲೆ ಆರನೇದು. ಅದರಾಚೆ ರಸ್ತೆ ತಿರುಗುತ್ತದೆ.

ಈ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಯಾವ ಪುಸ್ತಕದಲ್ಲೂ ಇಲ್ಲ, ಸತ್ತವರಿಂದ ಕಲಿತದ್ದು. ಇಳಿಯುವ ಮುಂಚೆ ಮೂರು ಮುಚ್ಚಳ ತೆಗೆಯಬೇಕು. ಹಿಂದಿನದೊಂದು, ಇಳಿಯುವುದೊಂದು, ಮುಂದಿನದೊಂದು. ತೆಗೆದು ಗಾಳಿ ಆಡಲು ಬಿಡಬೇಕು. ಜಿರಳೆ ಹೊರಗೆ ಬಂತೋ, ಒಳಗೆ ಜೀವ ತಡೆಯುತ್ತದೆ ಅಂತ ಅರ್ಥ. ಜಿರಳೆ ಬರಲಿಲ್ಲವೋ, ಅವತ್ತು ಯಾರಪ್ಪ ಹೇಳಿದರೂ ಇಳಿಯಬಾರದು. ಒಳಗೆ ಹೋಗಿ ಕಟ್ಟಿಕೊಂಡದ್ದನ್ನು ಕೊಕ್ಕೆಯಿಂದ ಎಳೆದಾಗ ಹಿಂದೆ ನಿಂತ ನೀರೆಲ್ಲ ಒಮ್ಮೆಲೇ ನುಗ್ಗುತ್ತದೆ. ನೀರಿನ ಜೊತೆ ವಿಷದ ಗಾಳಿಯೂ ಬರುತ್ತದೆ. ಆಗ ಇಳಿದ ಕಡೆಗೇ ವಾಪಸು ಹತ್ತಲು ಹೋಗಬಾರದು. ನೀರಿನ ಜೊತೆ ಓಡಬೇಕು. ಮುಂದಿನ ಮುಚ್ಚಳದಲ್ಲಿ ಹತ್ತಿ ಬರಬೇಕು.

ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯುತ್ತಿದ್ದವಳು ನಾನು. ನಾನು ಈ ರಸ್ತೆಗೆ ಬಂದ ವರ್ಷವೇ ಅವನ ಜೊತೆಗಾರ ಕೆಮ್ಮು ಹಿಡಿದು ಕೆಲಸ ಬಿಟ್ಟ, ಬೇರೆ ಯಾರನ್ನೂ ಕೊಡಲಿಲ್ಲ. ಇಳಿಯುವಾಗ ಅಂಗಿ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದ. ಹಗ್ಗ ಮುಂದಕ್ಕೆ ಸರಸರ ಓಡಿತು ಅಂದರೆ ನನಗೆ ಖುಷಿ. ಕಟ್ಟು ಒಡೆಯಿತು, ಗಂಡ ಬರುತ್ತಿದ್ದಾನೆ. ಹಗ್ಗ ಸಡಿಲ ಬಿಟ್ಟುಕೊಂಡು ನಾನು ಮೇಲಿನಿಂದ ಮುಂದಿನ ಮುಚ್ಚಳಕ್ಕೆ ನಡೆಯುತ್ತಿದ್ದೆ. ಅವನು ತಲೆ ಹೊರಗೆ ಹಾಕಿ ಮೊದಲು ಉಗುಳುತ್ತಿದ್ದ, ಆಮೇಲೆ ನಗುತ್ತಿದ್ದ. “ಹೆಗ್ಗಣ ನಿನ್ನ ಕೇಳ್ತು ಕಣೇ, ಚೆನ್ನಾಗಿದಾಳಾ ಅಂತ.” ಮೈಯೆಲ್ಲ ಕೊಳಚೆ, ಹಲ್ಲು ಮಾತ್ರ ಬಿಳಿ. ನಾನು ಬೈದುಕೊಂಡು ಅಂಗಿ ಕೊಡುತ್ತಿದ್ದೆ.

ಇನ್ನು ನಾದಿನಿ. ನಾನು ಮದುವೆಯಾಗಿ ಬಂದಾಗ ಅವಳಿಗೆ ಎಂಟು ವರ್ಷ. ಅತ್ತೆ ಇರಲಿಲ್ಲ. ತಲೆ ತುಂಬ ಹೇನು. ಮೊದಲ ದಿನವೇ ತೊಡೆ ಮೇಲೆ ಮಲಗಿಸಿಕೊಂಡು ಹೇನು ಹೆಕ್ಕಿದೆ. ನನಗೆ ಮಕ್ಕಳಾಗಲಿಲ್ಲ, ಅವಳೇ ಮಗಳು. ಅವಳನ್ನು ಶಾಲೆಗೆ ಹಾಕಿದವನು ನನ್ನ ಗಂಡ. ಎರಡು ಸಾಬೂನು ಹಚ್ಚಿ ತಿಕ್ಕಿ ಸ್ನಾನ ಮಾಡಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದ, ಆದರೆ ಗೇಟಿನ ತನಕ ಹೋಗುತ್ತಿರಲಿಲ್ಲ. ರಸ್ತೆಯ ಆ ಬದಿಯಲ್ಲೇ ನಿಲ್ಲುತ್ತಿದ್ದ. ಯಾಕೆ ಅಂದರೆ, “ನನ್ ವಾಸನೆ ಅವಳಿಗೆ ಅಂಟಬಾರ್ದು” ಅನ್ನುತ್ತಿದ್ದ. ಒಂದು ದಿನ ಅವಳೇ ರಸ್ತೆ ದಾಟಿ ಬಂದು, ಎಲ್ಲರೂ ನೋಡುವ ಹಾಗೆ, ಅವನ ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋದಳು. ಅವತ್ತು ಮನೆಗೆ ಬಂದು ನನ್ನ ಗಂಡ ಗೋಡೆ ಕಡೆ ಮುಖ ಮಾಡಿ ಅತ್ತ. ಅಂಥ ಹುಡುಗಿ ಅವಳು. ಈ ಮಾತನ್ನು ನಾನು ಮರೆತರೆ ನನ್ನ ನಾಲಿಗೆ ಬಿದ್ದು ಹೋಗಲಿ.

ನನಗೆ ಅಕ್ಷರ ಕಲಿಸಿದವಳೂ ಅವಳೇ. ನಾನು ಒಲೆ ಮುಂದೆ ಕೂತಿದ್ದರೆ ಅವಳು ಬೂದಿಯಲ್ಲಿ ಬರೆದು ತೋರಿಸುತ್ತಿದ್ದಳು. ತಪ್ಪಿದರೆ ಟೀಚರಮ್ಮನ ಹಾಗೆ ಕಿವಿ ಹಿಂಡುತ್ತಿದ್ದಳು. “ಅತ್ತಿಗೆ, ಕೋಣಕ್ಕಾದ್ರೂ ಬುದ್ಧಿ ಬರತ್ತೆ, ನಿಂಗಿಲ್ಲ!” ಎರಡು ವರ್ಷದಲ್ಲಿ ಬೋರ್ಡು ಓದಲು ಕಲಿತೆ.

ಅವಳು ಚುನಾವಣೆಗೆ ನಿಂತಾಗ ನಮ್ಮ ಓಣಿ ಊಟ ಬಿಟ್ಟು ಓಡಾಡಿತು. ನಾನು ಗುಡಿಸುವ ಪ್ರತಿ ಮನೆಯ ಬಾಗಿಲಲ್ಲೂ ಪೊರಕೆ ಒರಗಿಸಿ ಕೈ ಮುಗಿದೆ. ತಳ್ಳುಗಾಡಿಯ ಮೇಲೆ ನಿಂತು ಅವಳು ಮಾತಾಡಿದಳು. “ನಮ್ಮಣ್ಣ ಮೋರಿಗಿಳಿದು ನನ್ನ ಮೇಲೆತ್ತಿದ. ನಾನು ಗೆದ್ರೆ ಈ ವಾರ್ಡಲ್ಲಿ ಇನ್ನೊಬ್ಬ ಮೋರಿಗಿಳಿಯೋದಿಲ್ಲ. ಮೆಷೀನ್ ತರಿಸ್ತೀನಿ.” ಜನ ಶಿಳ್ಳೆ ಹಾಕಿದರು. ನನ್ನ ಗಂಡ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಅವಳು ಗೆದ್ದಳು.

ಸುಳ್ಳು ಹೇಳಬಾರದು. ಅವಳು ಕೆಲಸ ಮಾಡಿದಳು. ಓಣಿಗೆ ನಲ್ಲಿ ಬಂತು. ದೀಪ ಬಂತು. ಶಾಲೆಯ ಸೋರುವ ಚಾವಣಿ ರಿಪೇರಿಯಾಯಿತು. ಮೆಷೀನೂ ಬಂತು, ಪುಸ್ತಕದ ಆರನೇ ಪುಟದಲ್ಲಿದೆ ನೋಡಿ. ಹಳದಿ ಬಣ್ಣದ ದೊಡ್ಡ ಟ್ಯಾಂಕರು, ಆನೆ ಸೊಂಡಿಲಿನ ಹಾಗೆ ಪೈಪು. ಅದು ನಮ್ಮ ರಸ್ತೆಯ ತಿರುವಿನಲ್ಲಿ ತಿರುಗುವುದಿಲ್ಲ. ತರಿಸುವ ಮುಂಚೆ ಯಾರೂ ತಿರುವನ್ನು ಅಳೆಯಲಿಲ್ಲ. ಆಫೀಸಿನ ಹಿಂದೆ ನಿಂತಿದೆ, ನಾಯಿ ಅದರಡಿ ಮರಿ ಹಾಕಿದೆ.

ಒಂದೊಂದೇ ವರ್ಷ ಹೋಗುತ್ತಾ ಅವಳ ಸುತ್ತ ಜನ ಹೆಚ್ಚಿದರು. ಮೊದಲು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಕಾರಿನಿಂದ ಕೈ ಬೀಸುತ್ತಿದ್ದಳು. ನಾಲ್ಕು ಜನರ ಮುಂದೆ ನನ್ನನ್ನು “ನೋಡಮ್ಮಾ” ಅಂತ ಕರೆದಳು. ಅತ್ತಿಗೆ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ನನ್ನ ಗಂಡನಿಗೆ ಹೇಳಿದರೆ, “ಅವಳಿಗೆ ನೂರೆಂಟು ತಲೆನೋವು, ಬಿಡು” ಅಂದ. ತಂಗಿ ಅಂದರೆ ಅವನಿಗೆ ಕಣ್ಣು ಮುಚ್ಚಿದ ಪ್ರೀತಿ.

ಆಮೇಲೆ ಟೈಲ್ಸು ಬಂತು. ಕಂಟ್ರಾಕ್ಟರನ ಆಳುಗಳು ಹದಿನೈದು ದಿನದಲ್ಲಿ ಇಡೀ ರಸ್ತೆ ಹಾಸಿದರು. ರಸ್ತೆ ಒಂದು ಗೇಣು ಎತ್ತರವಾಯಿತು. ಎತ್ತರವಾದ ಮೇಲೆ ಮುಚ್ಚಳಗಳನ್ನೂ ಎತ್ತರಿಸಬೇಕು, ಅದಕ್ಕೆ ಕಬ್ಬಿಣದ ಬಳೆ ಬೇಕು. ಹತ್ತು ಬಳೆ ಬಂದವು. ಹನ್ನೊಂದನೆಯದು ಬರಲಿಲ್ಲ. ಆರನೇ ಮುಚ್ಚಳದ ಮೇಲೆ ಜಲ್ಲಿ ಸುರಿದು, ಮರಳು ಹರಡಿ, ಟೈಲ್ಸು ಕೂರಿಸಿಬಿಟ್ಟರು. ಉಳಿದ ಸಿಮೆಂಟು ನೀರನ್ನೆಲ್ಲ ಮೋರಿಗೇ ಸುರಿದರು. ಮೇಲೆ ಥಳಕು, ಒಳಗೆ ಹುಳುಕು.

ನನ್ನ ಗಂಡ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ನಕ್ಕ. ಇಂಜಿನಿಯರಿಗೆ ಹೇಳಿದ. ಇಂಜಿನಿಯರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, “ಹತ್ತು ಇದೆಯಲ್ಲ, ಒಂದು ಇಲ್ಲದಿದ್ರೆ ಏನಾಗತ್ತೆ?” ಅಂದ. ಕಡೆಗೆ ಸ್ನಾನ ಮಾಡಿ, ಎರಡು ಸಾಬೂನು ಹಚ್ಚಿ, ತಂಗಿಯ ಆಫೀಸಿಗೆ ಹೋದ. ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕೂತ. ಅವಳು ಬಾಗಿಲಲ್ಲೇ ನಿಂತು ಹೇಳಿದಳಂತೆ. “ಅಣ್ಣಾ, ಉದ್ಘಾಟನೆ ಆಗ್ಲಿ. ಮಾರನೇ ದಿನಾನೇ ಕತ್ತರಿಸಿ ತೆಗೆಸ್ತೀನಿ. ನನ್ನಾಣೆ.” ಅವನು ಖುಷಿಯಿಂದ ಬಂದ. ಬಂದವನು ಸೀಮೆಸುಣ್ಣ ತಗೊಂಡು, ಮೂವತ್ತು ಹೆಜ್ಜೆ ಅಳೆದು, ಟೈಲ್ಸಿನ ಮೇಲೆ ದೊಡ್ಡ ಗುಣಿಸು ಗುರುತು ಹಾಕಿದ. ಜಾಗ ಮರೆಯದಿರಲಿ ಅಂತ.

ಆ ಗುರುತನ್ನು ಅಳಿಸಿದವಳು ನಾನು. ಪುಸ್ತಕಕ್ಕೆ ಫೋಟೋ ತೆಗೆಯುವವರು ಬರುತ್ತಾರೆ, ರಸ್ತೆ ತೊಳೆಯಿರಿ ಅಂದರು. ನಾಲ್ಕು ಹೆಂಗಸರು ನೀರು ಹೊಡೆದು ಉಜ್ಜಿದೆವು. ಗುಣಿಸು ಗುರುತು ನನ್ನ ಪೊರಕೆಯ ಅಡಿಗೇ ಬಂತು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ಆಮೇಲೆ ಮತ್ತೆ ಹಾಕಿದರಾಯಿತು ಅಂದುಕೊಂಡು ಉಜ್ಜಿದೆ. ಈ ಕೈಯಿಂದಲೇ ಉಜ್ಜಿದೆ.

ಉದ್ಘಾಟನೆಗೆ ಎರಡು ದಿನ ಇತ್ತು. ಬೆಳಿಗ್ಗೆ ತಗ್ಗಿನಲ್ಲಿರುವ ನಾಲ್ಕನೇ ಮುಚ್ಚಳದಿಂದ ಕೊಳಚೆ ಉಕ್ಕಿತು. ಸರಿಯಾಗಿ ವೇದಿಕೆ ಹಾಕುವ ಜಾಗಕ್ಕೆ ಹರಿಯಿತು. ಏಳು ಗಂಟೆಗೆ ನಾದಿನಿ ಮನೆಗೆ ಬಂದಳು. ಎಂಟು ತಿಂಗಳ ಮೇಲೆ ಬಂದಿದ್ದಳು. ಕೂರಲೂ ಇಲ್ಲ.

“ಅಣ್ಣಾ, ಇದೊಂದ್ಸಲ.”

“ಅದಕ್ಕೇನಂತೆ ತಾಯಿ, ಇಳಿಯೋಣ. ಆರನೇದು ತೆಗೆಸಿಕೊಡು.”

“ಅಯ್ಯೋ, ಟೈಲ್ಸ್ ಒಡೆದ್ರೆ ನಾಡಿದ್ದರೊಳಗೆ ಕೂರಿಸೋಕಾಗತ್ತಾ? ದೊಡ್ಡೋರೆಲ್ಲ ಬರ್ತಿದಾರೆ. ಮೊದ್ಲೇ ಅವರು ಏನಂತಾರೆ ಗೊತ್ತಾ? ಮೋರಿಯಿಂದ ಬಂದೋಳು, ಮೋರಿ ಬಿಟ್ಟು ಇನ್ನೇನ್ ಗೊತ್ತು ಅಂತಾರೆ. ರಸ್ತೆ ಅಗೆದಿದ್ರೆ ನಾನು ಏನ್ ಮುಖ ತೋರಿಸ್ಲಿ?”

ನಾನು ಮಧ್ಯೆ ಬಾಯಿ ಹಾಕಿದೆ. “ಮುಖದ ಚಿಂತೆ ನಿಂಗೆ. ಅವನು ಹತ್ತೋದು ಎಲ್ಲಿಂದ?”

“ಸುಮ್ನಿರೇ,” ಅಂದ ನನ್ನ ಗಂಡ. “ಇಳಿದ ಕಡೆಗೇ ವಾಪಸ್ ಬಂದ್ರಾಯ್ತು. ಐದರಲ್ಲೇ ಇಳಿದು ಐದರಲ್ಲೇ ಹತ್ತೋದು. ಮೂವತ್ತು ವರ್ಷದ ಕೆಲಸ ನಂಗೆ ಗೊತ್ತಿಲ್ವಾ?”

ಅವಳ ಮುಖ ಅರಳಿತು. ಹೋಗುವಾಗ ಅವನ ಕೈ ಹಿಡಿದು ಹೋದಳು. ಅಷ್ಟಕ್ಕೇ ಅವನು ಕರಗಿ ನೀರಾದ.

ನಾಲ್ಕು ಮತ್ತು ಐದು ತೆಗೆದೆವು. ಕಾದೆವು. ಐದರಿಂದ ಮೂರೇ ಮೂರು ಜಿರಳೆ ಬಂದವು. ಮೂರು ಬಂದವಲ್ಲ ಅಂದ. ಸಾಲದು ಅಂದೆ. “ಹಗ್ಗ ನಿನ್ ಕೈಲಿದೆ, ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?” ಅಂದ. ಅಂಗಿ ಬಿಚ್ಚಿ ಕೊಟ್ಟ. ಇಳಿಯುವ ಮುಂಚೆ ನನಗೂ, ತನಗೂ ಸೇರಿಸಿ ಹೇಳಿದ. “ನೆನಪಿರ್ಲಿ. ಇವತ್ತು ಹಿಂದಕ್ಕೆ.”

“ಹಿಂದಕ್ಕೆ,” ಅಂದೆ.

ಐದರಾಚೆ, ಆರರ ಕಡೆಗೆ, ಸಿಮೆಂಟು ಗಟ್ಟಿಯಾಗಿ ಕೂತಿತ್ತು. ಒಂದು ಗಂಟೆ ಹೊಡೆದ. ಕೆಳಗಿಂದ ಕೊಕ್ಕೆಯ ಸದ್ದು ಬರುತ್ತಿತ್ತು, ಜೊತೆಗೆ ಬೈಗುಳ. ಆಮೇಲೆ ನೀರಿನ ಸದ್ದು ಬಂತು. ಕಟ್ಟು ಒಡೆಯಿತು. ಹಗ್ಗ ನನ್ನ ಕೈಯಲ್ಲಿ ಸರಸರ ಓಡಿತು. ಮುಂದಕ್ಕೆ.

ನಾನು ಹಗ್ಗ ಸಡಿಲ ಬಿಟ್ಟೆ.

ಯಾಕೆ ಬಿಟ್ಟೆ ಅಂತ ಕೇಳಬೇಡಿ. ಹತ್ತೊಂಬತ್ತು ವರ್ಷ ಹಾಗೇ ಬಿಟ್ಟಿದ್ದೆ. ಅವನ ತಲೆಗೆ ಗೊತ್ತಿತ್ತು ಹಿಂದಕ್ಕೆ ಬರಬೇಕು ಅಂತ, ಕಾಲಿಗೆ ಗೊತ್ತಿರಲಿಲ್ಲ. ನೀರು ಬೆನ್ನಿಗೆ ಬಿದ್ದಾಗ ಕಾಲು ಮುಂದಕ್ಕೆ ಓಡಿತು. ನನ್ನ ಕೈಯೂ ಹಾಗೇ. ನಗು ಬೇರೆ ಬಂತು ನನಗೆ. ಅಂಗಿ ಹೆಗಲ ಮೇಲೆ ಹಾಕಿಕೊಂಡು, ಹಗ್ಗ ಬಿಡುತ್ತಾ, ಆರನೇ ಮುಚ್ಚಳದ ಕಡೆಗೆ ಮೂವತ್ತು ಹೆಜ್ಜೆಯಷ್ಟು ನಡೆದೆ. ಕಣ್ಣೆತ್ತಿ ನೋಡಿದರೆ ಟೈಲ್ಸು. ಕೆಂಪು, ಬೂದಿ, ಕೆಂಪು, ಬೂದಿ. ಎಲ್ಲ ಒಂದೇ ಥರ.

ಆಗ ನೆನಪಾಯಿತು, ಇವತ್ತು ಹಿಂದಕ್ಕೆ. ಹಗ್ಗ ಜಗ್ಗಿದೆ, ಬರಲಿಲ್ಲ. ಕಲ್ಲಿಗೋ ಏನಕ್ಕೋ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಕಾಲ ಕೆಳಗೆ ಸದ್ದಾಯಿತು. ಟಕ್. ಟಕ್. ಟಕ್. ಕಬ್ಬಿಣಕ್ಕೆ ಕಬ್ಬಿಣ. ನನ್ನ ಗಂಡ ಒಳಗಿಂದ ಬಾಗಿಲು ತಟ್ಟುತ್ತಿದ್ದ.

ಓಡಿಹೋಗಿ ಹಾರೆ ತಂದೆ. ಎಲ್ಲಿ ಅಂತ ತಿಳಿಯದೆ ಒಂದು ಏಟು ಹಾಕಿದೆ. ಟೈಲ್ಸಿನ ಮೂಲೆ ಹಾರಿತು. ಕಂಟ್ರಾಕ್ಟರನ ಕಾವಲುಗಾರ ಓಡಿ ಬಂದು ಹಾರೆ ಹಿಡಿದುಕೊಂಡ. “ಏಯ್, ಹುಚ್ಚು ಹಿಡೀತಾ? ನಾಡಿದ್ದು ಉದ್ಘಾಟನೆ!”

“ಒಳಗೆ ನನ್ ಗಂಡ ಇದಾನೆ!” ಅಂದೆ. ಕಿರುಚಿದೆ. ಎಳೆದಾಡಿದೆ. ಅವನು ಗಟ್ಟಿ ಆಳು. ಒಂದು ಕೈಯಲ್ಲಿ ಹಾರೆ, ಒಂದು ಕೈಯಲ್ಲಿ ಫೋನು. “ಮೇಡಂ, ಯಾರೋ ಹೆಂಗಸು ಟೈಲ್ಸ್ ಒಡೀತಿದಾಳೆ.” ಫೋನಿನಿಂದ ಅವಳ ದನಿ ನನಗೂ ಕೇಳಿಸಿತು. “ಯಾರಿಗೂ ಮುಟ್ಟೋಕೆ ಬಿಡ್ಬೇಡ. ನಾನ್ ಬರ್ತೀನಿ.” ಅಷ್ಟೇ. ಯಾರು ಅಂತ ಕೇಳಲಿಲ್ಲ.

ನಾನು ನೆಲದ ಮೇಲೆ ಬಿದ್ದು ಉಗುರಲ್ಲಿ ಟೈಲ್ಸಿನ ಸಂದು ಕೆರೆದೆ. ಮರಳು ಬಂತು, ರಕ್ತ ಬಂತು. ಕಿವಿ ನೆಲಕ್ಕಿಟ್ಟೆ. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ನೀರು ಹರಿಯುವ ಸದ್ದು ಮಾತ್ರ.

ಏಳು ಜನ ಸೇರಿ ಐದನೇ ಮುಚ್ಚಳದಿಂದ ಹಗ್ಗ ಎಳೆದು ಅವನನ್ನು ತೆಗೆದರು. ಆಗಲೂ ಆರನೆಯದನ್ನು ಮುಟ್ಟಲಿಲ್ಲ. ಮನೆ ಮುಂದೆ ಮಲಗಿಸಿ ನಾನೇ ತೊಳೆದೆ. ಎರಡು ಸಾಬೂನು ಹಚ್ಚಿದೆ, ಆಮೇಲೆ ಇನ್ನೆರಡು ತರಿಸಿದೆ. ಬಲಗೈಯ ಬೆರಳುಗಳು ಕೊಕ್ಕೆ ಹಿಡಿದ ಹಾಗೇ ಮಡಚಿದ್ದವು. ಬಿಡಿಸಲು ಆಗಲಿಲ್ಲ. ನಾದಿನಿ ಬಂದು ಅವನ ಕಾಲ ಮೇಲೆ ಬಿದ್ದು ಹೊರಳಾಡಿ ಅತ್ತಳು. ಅದು ನಾಟಕದ ಅಳುವಲ್ಲ, ನನಗೆ ಗೊತ್ತು. ನಾನೇ ಅವಳ ತಲೆ ತಡವಿದೆ.

ಹತ್ತು ದಿನ ಬಿಟ್ಟು ಅವಳು ಮತ್ತೆ ಬಂದಳು. ಜೊತೆಗೆ ಆಫೀಸಿನ ಗುಮಾಸ್ತ, ಅವನ ಕೈಯಲ್ಲಿ ಒಂದು ಕಾಗದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

“ನಿನಗೆ ಖಾಯಂ ಕೆಲಸ ಮಾಡಿಸ್ತೀನಿ. ಆಫೀಸಲ್ಲೇ, ನೆರಳಲ್ಲಿ. ಪೊರಕೆ ಹಿಡಿಯೋದು ಬೇಡ. ಇಲ್ಲೊಂದು ಸಹಿ ಹಾಕು ಸಾಕು.”

ಗುಮಾಸ್ತ ಹೆಬ್ಬೆಟ್ಟಿಗೆ ಮಸಿ ಡಬ್ಬಿ ತೆಗೆದ. ನಾನು ಕಾಗದ ತಗೊಂಡು ಬಾಗಿಲ ಬೆಳಕಿಗೆ ಹಿಡಿದೆ. ಒಂದೊಂದೇ ಅಕ್ಷರ ಕೂಡಿಸಿ, ಜೋರಾಗಿ ಓದಿದೆ. “ನನ್ನ ಗಂಡನು... ಮದ್ಯ ಸೇವಿಸಿ... ಯಾರ ಗಮನಕ್ಕೂ ತಾರದೆ... ಸ್ವಂತ ಇಚ್ಛೆಯಿಂದ... ಮೋರಿಗೆ ಇಳಿದಿದ್ದು...”

ಗುಮಾಸ್ತನ ಕೈ ಡಬ್ಬಿಯ ಮೇಲೇ ನಿಂತಿತು. ನಾದಿನಿ ನೆಲ ನೋಡಿದಳು. ನನಗೆ ಓದಲು ಬರುತ್ತದೆ ಅನ್ನುವುದನ್ನು ಅವಳು ಮರೆತಿದ್ದಳು.

“ಚೆನ್ನಾಗಿ ಓದಿದ್ನಾ, ಟೀಚರಮ್ಮ?” ಅಂದೆ. “ಕೋಣಕ್ಕೆ ಬುದ್ಧಿ ಬಂತಲ್ಲ.”

“ಹಾಗನ್ಬೇಡ...”

“ನಿಮ್ಮಣ್ಣ ಕುಡೀತಿದ್ನಾ? ನಿನ್ನೆದುರು ಒಂದು ದಿನಾನಾದ್ರೂ ಕುಡಿದು ಬಂದಿದ್ನಾ?”

“ಇಲ್ಲ,” ಅಂದಳು. “ಆದ್ರೆ ನಾನು ಕಳಿಸ್ದೆ ಅಂತಾದ್ರೆ ನನ್ನ ಕಥೆ ಮುಗೀತು. ನಾನು ಹೋದ್ರೆ ನಮ್ಮೋರು ಇನ್ಯಾರು ಅಲ್ಲಿಗೆ ಹೋಗ್ತಾರೆ ಹೇಳು. ನಲ್ಲಿ, ದೀಪ, ಶಾಲೆ... ಯಾರು ಮಾಡ್ತಾರೆ?”

ಅದು ಸುಳ್ಳಲ್ಲ. ಅದೇ ನನ್ನ ಎದೆ ಒಡೆಯಿತು. ಅವಳು ಬೇರೆಯವಳಾಗಿದ್ದರೆ ಮುಖಕ್ಕೆ ಉಗಿದು ಕಳಿಸುತ್ತಿದ್ದೆ.

“ಒಂದು ಕೇಳ್ತೀನಿ,” ಅಂದೆ. “ಫೋನಲ್ಲಿ ಯಾರು ಅಂತ ಯಾಕೆ ಕೇಳಲಿಲ್ಲ?”

“ಯಾರೋ ಹೆಂಗಸು ಅಂದ. ನೀನು ಅಂತ ನಂಗೆ ಗೊತ್ತಾಗಿದ್ರೆ...”

“ಯಾರೋ ಹೆಂಗಸೇ ಆಗಿದ್ರೆ?”

ಅವಳು ಬಾಗಿಲ ಕಡೆ ತಿರುಗಿದಳು. ಯೋಚನೆ ಮಾಡು ಅಂತ ಹೇಳಿ ಕಾಗದವನ್ನು ಚಾಪೆ ಮೇಲೆ ಬಿಟ್ಟು ಹೋದಳು. ಆ ಕಾಗದ ಚಾಪೆಯ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಅವನ ಅಂಗಿ ಗೋಡೆಯ ಮೊಳೆಯಲ್ಲಿತ್ತು. ಎರಡನ್ನೂ ನೋಡುತ್ತಾ ಕೂರುತ್ತಿದ್ದೆ. ನಿಜ ಹೇಳಲಾ? ನೆರಳಿನ ಕೆಲಸದ ಆಸೆ ನನಗೂ ಆಯಿತು. ಮೊಣಕಾಲು ನೋವು, ಇನ್ನು ಎಷ್ಟು ದಿನ ಬಗ್ಗಿ ಗುಡಿಸಲಿ? ಸತ್ತವನಿಗೆ ಕುಡುಕ ಅಂದರೆ ಅವನಿಗೇನು ಕೇಳಿಸುತ್ತದೆಯೇ ಅಂತಲೂ ಒಂದು ಮಧ್ಯಾಹ್ನ ಅಂದುಕೊಂಡೆ. ಅಂದುಕೊಂಡು ಅತ್ತೆ.

ಮುಂದಕ್ಕೆ ಹೋಗಿದ್ದ ಉದ್ಘಾಟನೆ ಇಪ್ಪತ್ತನೇ ದಿನಕ್ಕೆ ಬಂತು. ಬೆಳಿಗ್ಗೆ ಐದು ಗಂಟೆಯಿಂದ ನಮ್ಮ ಕೈಯಲ್ಲಿ ರಸ್ತೆ ಗುಡಿಸಿಸಿದರು. ಹತ್ತು ಗಂಟೆಗೆ ಕುರ್ಚಿ ತುಂಬಿದವು. ಕುರ್ಚಿ ಕುರ್ಚಿಯ ಮೇಲೂ ಪುಸ್ತಕ. ಹತ್ತೂವರೆಗೆ ನಾಲ್ಕನೇ ಮುಚ್ಚಳ ಮತ್ತೆ ಉಕ್ಕಿತು. ಉಕ್ಕದೆ ಏನು ಮಾಡೀತು? ಅವನು ಒಡೆದ ಸಿಮೆಂಟಿನ ಚೂರೆಲ್ಲ ಒಳಗೇ ಇತ್ತು.

ಐದನೇ ಮುಚ್ಚಳದ ಸುತ್ತ ಬಟ್ಟೆಯ ಪರದೆ ಕಟ್ಟಿದರು. ದೊಡ್ಡವರಿಗೆ ಕಾಣಬಾರದಲ್ಲ. ಪಕ್ಕದ ವಾರ್ಡಿನಿಂದ ಒಬ್ಬನನ್ನು ಕರೆತಂದಿದ್ದರು. ಮೂವತ್ತರ ಆಸುಪಾಸಿನವನು, ಕೆಲಸಕ್ಕೆ ಹೊಸಬ. ಪರದೆ ಹಿಂದೆ ನಾನು ನೀರು ಎತ್ತಿ ಹಾಕುತ್ತಿದ್ದೆ. ಅವನು ಅಂಗಿ ಬಿಚ್ಚಿ ಸುತ್ತ ನೋಡಿದ. ಇಡಲು ಜಾಗ ಸಿಗಲಿಲ್ಲ. ನನ್ನ ಕೈಗೆ ಕೊಟ್ಟ.

“ಅಕ್ಕಾ, ಸ್ವಲ್ಪ ಹಿಡ್ಕೊಂಡಿರಿ,” ಅಂದ. “ಮುಂದಿನ ಮುಚ್ಚಳ ಎಲ್ಲಿದೆ? ಕಾಣ್ತಾನೇ ಇಲ್ಲ.”

ಅಂಗಿ ಬೆಚ್ಚಗಿತ್ತು.

“ಇಳೀಬೇಡ,” ಅಂದೆ. “ನಾನು ಬರೋ ತನಕ ಒಂದು ಹೆಜ್ಜೆ ಇಳೀಬೇಡ. ನಿನ್ ಹೆಂಡ್ತಿ ಮೇಲಾಣೆ.”

ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋದೆ. ಹಾರೆ ತಗೊಂಡೆ. ಚಾಪೆಯ ಮೇಲಿನ ಕಾಗದವನ್ನೂ ತಗೊಂಡೆ. ವಾಪಸು ಬಂದಾಗ ನಾದಿನಿ ಮೈಕಿನ ಮುಂದೆ ಇದ್ದಳು. ಹನ್ನೊಂದನೇ ಪುಟ ತೆಗೆಯಿರಿ ಅನ್ನುತ್ತಿದ್ದಳು. ಇನ್ನೂರು ಪುಟ ಒಟ್ಟಿಗೆ ಮಗುಚಿದ ಸದ್ದಾಯಿತು. ನಾನು ಕುರ್ಚಿಗಳ ಮಧ್ಯದ ದಾರಿಯಲ್ಲೇ ನಡೆದೆ. ಐದರಿಂದ ಮೂವತ್ತು ಹೆಜ್ಜೆ ಎಣಿಸಿದೆ. ನನ್ನ ಗಂಡನದು ಉದ್ದ ಹೆಜ್ಜೆ, ನನ್ನದು ಗಿಡ್ಡ. ಅಂದಾಜಿನ ಮೇಲೆ ಹಾರೆ ಎತ್ತಿ ಹಾಕಿದೆ.

ಟೈಲ್ಸು ಒಡೆದ ಸದ್ದಿಗೆ ಮೈಕೇ ನಿಂತುಹೋಯಿತು. ಎರಡನೇ ಏಟು, ಮೂರನೇ ಏಟು. ಅಡಿಯಲ್ಲಿ ಬರೀ ಮರಳು. ಯಾರೋ “ಹಿಡೀರಿ ಅವಳನ್ನ” ಅಂದರು. ಕಾವಲುಗಾರ ಓಡಿ ಬಂದ. ಅದೇ ಕಾವಲುಗಾರ. ಪೊಲೀಸರು ಕೇಳಿದಾಗ ಏನೂ ಸದ್ದು ಕೇಳಿಸಲಿಲ್ಲ ಅಂತ ಬರೆಸಿಕೊಟ್ಟಿದ್ದವನು. ನಾನು ಹಾರೆ ಎದೆಗೆ ಅವುಚಿಕೊಂಡು ನಿಂತೆ. ಈ ಸಲ ಕೊಟ್ಟರೆ ಕೇಳಿ.

ಅವನು ಕೈ ಮುಂದೆ ಚಾಚಿದವನು ಹಿಂದಕ್ಕೆ ತೆಗೆದ. “ಅಲ್ಲಲ್ಲಮ್ಮ,” ಅಂದ. “ಇನ್ನೊಂದು ಮೊಳ ಈ ಕಡೆ. ಸದ್ದು ಇಲ್ಲಿಂದ ಬರ್ತಿತ್ತು.” ಕಾಲಿನಿಂದ ಜಾಗ ತೋರಿಸಿದ. ತೋರಿಸಿ ಅಲ್ಲೇ ತಲೆ ತಗ್ಗಿಸಿ ನಿಂತ.

ನಾನು ಹೊಡೆದೆ. ಇಸ್ತ್ರಿ ಅಂಗಡಿಯವನು ಬಂದು ಕೈಯಿಂದ ಚೂರು ಎತ್ತಿ ಹಾಕಿದ. ನನ್ನ ಜೊತೆ ಗುಡಿಸುವ ಹೆಂಗಸರು ಬಂದರು. ಮರಳು ತೆಗೆದೆವು, ಜಲ್ಲಿ ತೆಗೆದೆವು. ತುಕ್ಕು ಹಿಡಿದ ಮುಚ್ಚಳ ಕಂಡಿತು. ಹಾರೆ ಮೀಟಿ ನಾಲ್ಕು ಜನ ಎತ್ತಿ ಬೋರಲು ಹಾಕಿದೆವು. ನಾತ ಭಗ್ಗಂತ ಬಂತು. ಮುಂದಿನ ಸಾಲಿನ ದೊಡ್ಡವರು ಎದ್ದು ಮೂಗು ಮುಚ್ಚಿಕೊಂಡು ಕಾರಿನ ಕಡೆ ಹೊರಟರು.

ಮುಚ್ಚಳದ ಒಳಮೈ ಮೇಲಾಗಿ ಬಿದ್ದಿತ್ತು. ತುಕ್ಕಿನ ನಡುವೆ ಬಿಳಿ ಗೀರುಗಳಿದ್ದವು. ಒಂದೇ ಜಾಗದಲ್ಲಿ, ಒಂದರ ಮೇಲೊಂದು. ಕೊಕ್ಕೆಯ ಗೀರು. ನಾನು ಎಣಿಸಲು ಹೋದೆ, ಆಗಲಿಲ್ಲ. ನನಗೆ ಕೇಳಿಸಿದ್ದು ನಾಲ್ಕೋ ಐದೋ. ಅವನು ಬಹಳ ಸಲ ಹೊಡೆದಿದ್ದ.

ನಾದಿನಿ ವೇದಿಕೆ ಇಳಿದು ಬಂದಿದ್ದಳು. ಜನ ದಾರಿ ಬಿಟ್ಟರು. ಮುಚ್ಚಳದ ಮುಂದೆ ಬಂದು ನಿಂತಳು. ನೋಡಿದಳು. ಅಲ್ಲೇ ಮಂಡಿಯೂರಿ ಕುಸಿದು ಆ ಗೀರುಗಳ ಮೇಲೆ ಅಂಗೈ ಇಟ್ಟಳು.

“ಅತ್ತಿಗೆ,” ಅಂದಳು. ಎಲ್ಲರ ಮುಂದೆ ಅಂದಳು.

ಎರಡು ವರ್ಷದಿಂದ ಆ ಮಾತಿಗೆ ಕಾದಿದ್ದೆ. ಆ ತಲೆಯನ್ನು ತೊಡೆ ಮೇಲೆ ಎಳೆದುಕೊಳ್ಳಬೇಕು ಅಂತ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ತಡೆದೆ.

“ಹಾಗನ್ಬೇಡ,” ಅಂದೆ. “ಅಣ್ಣ ಇದ್ರೆ ತಾನೆ ಅತ್ತಿಗೆ.”

ಅವಳ ಹಿಂದೆಯೇ ಬಂದಿದ್ದ ಗುಮಾಸ್ತನ ಕಿಸೆಯಿಂದ ಪೆನ್ನು ಕಿತ್ತುಕೊಂಡೆ. ಕಾಗದವನ್ನು ಮುಚ್ಚಳದ ಮೇಲೇ ಹರಡಿ, ಅವರು ಬರೆದಿದ್ದಕ್ಕೆಲ್ಲ ಗುಣಿಸು ಗುರುತು ಹಾಕಿ, ಅಡಿಯಲ್ಲಿ ದೊಡ್ಡದಾಗಿ ಬರೆದೆ. ‘ತಂಗಿ ಕೇಳಿದಳು. ಅವನು ಇಳಿದ. ಆರನೇ ಮುಚ್ಚಳ ಮುಚ್ಚಿತ್ತು. ಹಗ್ಗ ಬಿಟ್ಟವಳು ನಾನು.’ ಅದರ ಕೆಳಗೆ ನನ್ನ ಸಹಿ ಹಾಕಿದೆ. ಅಕ್ಷರ ಸೊಟ್ಟಗಿದ್ದವು, ತಪ್ಪಿರಲಿಲ್ಲ. ಅವಳ ಕೈಗೆ ಕೊಟ್ಟೆ. ಅವಳು ಓದಿದಳು. ಓದಿ ತಲೆ ಎತ್ತಲಿಲ್ಲ.

ನಾನು ಪರದೆಯ ಹಿಂದೆ ಹೋದೆ. ಹೊಸಬ ಬರೀ ಮೈಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಐದನೇ ಮುಚ್ಚಳದ ಅಂಚಿನಲ್ಲಿ ಕೂತಿದ್ದ. ನಾನು ಹೇಳಿದ ಹಾಗೆ ಒಂದು ಹೆಜ್ಜೆಯೂ ಇಳಿದಿರಲಿಲ್ಲ.

“ಮೂರೂ ತೆಗೆದಾಯ್ತಾ ಅಕ್ಕಾ?” ಅಂದ. “ಇನ್ನು ಇಳೀಬಹುದಾ?”

“ಮೂರೂ ತೆಗೆದಿದೆ,” ಅಂದೆ. “ಆದ್ರೂ ಇಳೀಬೇಡ.”

ಅವನು ನನ್ನ ಮುಖವನ್ನೇ ನೋಡಿದ. ನಾನು ಹೆಗಲಿನಿಂದ ಅಂಗಿ ತೆಗೆದು ಕೊಟ್ಟೆ. ಅವನು ಹಗ್ಗ ಬಿಚ್ಚಿ ಅಂಗಿ ಹಾಕಿಕೊಂಡ.